ಎರಡೂವರೆ ಅಂಗುಲ

ಆಲ್ವಾ ಟೀಟರನ ಗಾಡಿ ಬಂದದ್ದು
ಊರಿಗೆ ಮೊದಲು ತಿಳಿಯುತ್ತಿದ್ದುದು ಮೂಗಿನಿಂದ:
ಈಥರ್ ಘಾಟು. ಹಿಂದೆ ಕರಿಬಟ್ಟೆಯ ಡೇರೆ,
ಬೆಳ್ಳಿನೀರಲ್ಲಿ ಅದ್ದಿ ಅದ್ದಿ
ಕಾಡಿಗೆಗಿಂತ ಕಪ್ಪಾದ ಹತ್ತು ಬೆರಳು.

ನ್ಯೂಯಾರ್ಕ್ ಸೀಮೆಯ ಒಳನಾಡಲ್ಲಿ ಅವನು
ಚಿತ್ರಕ್ಕೆ ಆರಿಸಿದ್ದು ಟ್ಯಾನರಿ ಹಳ್ಳ.
ಹೆಮ್ಲಾಕ್ ತೊಗಟೆಯ ಕಷಾಯ ಕುಡಿದು
ವರ್ಷವಿಡೀ ಕಂದಾಗಿ ನಾರುವ ನೀರು;
ಮೇಲೆ ಮರದ ಸೇತುವೆ, ಕುದುರೆಗೆ ಎರಡು ಸೆಂಟ್ ಸುಂಕ.
"ಇದರಲ್ಲೇನಿದೆ ನೋಡೋಕೆ?" ಅಂದ ಸುಂಕದವ.
"ಒಂದು ಕಣ್ಣಿಗೆ ಏನೂ ಇಲ್ಲ," ಅಂದ ಟೀಟರ್.

ನೋಡಲು ಎರಡು ಕಣ್ಣು ಸಾಲದು ಎನ್ನುವ ಮಾತಿದೆ.
ಅವನ ಕಸುಬಿಗೆ ಸರಿಯಾಗಿ ಎರಡೇ ಬೇಕು,
ಇದ್ದದ್ದು ಒಂದೇ ಮಸೂರದ ಪೆಟ್ಟಿಗೆ.
ಮೊದಲು ಎಡಗಣ್ಣಿನ ಪಾಲು;
ಮುಚ್ಚಳ ಹಾಕಿ, ಹಲಗೆಯ ತೋಡಿನಲ್ಲಿ
ಎರಡೂವರೆ ಅಂಗುಲ ಬಲಕ್ಕೆ ಜಾರಿಸಿ
ಬಲಗಣ್ಣಿನ ಪಾಲು. ಗಾಜು ಒಣಗುವುದರೊಳಗೆ.

ಸೇತುವೆಯ ನಡುವೆ ನಿಲ್ಲಿಸಿದ್ದು
ಸುಂಕದವನ ಮಗಳು ಹುಲ್ಡಾ, ಎಂಟು ವರ್ಷ,
ಪಕ್ಕದಲ್ಲಿ ಅವಳ ಹೆಬ್ಬಾತು.
"ಅಲ್ಲಾಡಬೇಡ, ಹದಿನೈದು ಎಣಿಸುವ ತನಕ."
ಎಣಿಸಿದಳು ಉಸಿರು ಕಟ್ಟಿ, ತುಟಿಯಲ್ಲೇ.
ಎರಡನೆಯ ಹದಿನೈದರ ಸುದ್ದಿ ಅವನು ಎತ್ತಿರಲಿಲ್ಲ.
ಮುಚ್ಚಳ ಬಿದ್ದದ್ದೇ ತಡ, ಓಡಿದಳು.
ಹುಟ್ಟಿದಂದಿನಿಂದ ಒಂದೆಡೆ ನಿಲ್ಲದ ಹೆಬ್ಬಾತು
ಅಂದೇಕೋ ಎರಡು ಸಲವೂ ನಿಂತಿತ್ತು.

ರಟ್ಟಿಗಂಟಿಸಿ ನೋಡಿದರೆ
ಕಂದು ಹಳ್ಳ ಕಡೆದ ಬೆಣ್ಣೆ,
ಕಂಬಗಳ ನಡುವೆ ಕೈ ತೂರಿಸಬಹುದು,
ಹೆಬ್ಬಾತು ದುಂಡಗೆ, ಬೇಕಾದರೆ ಕಚ್ಚುವಂತೆ.
ಹುಲ್ಡಾ ಮಾತ್ರ ಇದ್ದೂ ಇಲ್ಲ.
ಮಿಣುಕುತ್ತಾಳೆ; ಮೈಯೊಳಗಿಂದಲೇ
ಹಿಂದಿನ ಕಟಕಟೆ ಕಾಣುತ್ತದೆ.
ದೆವ್ವದ ಚಿತ್ರವೆಂದು ಯಾರೂ ಕೊಳ್ಳಲಿಲ್ಲ.
ಸುಂಕದ ಬದಲು ಅಪ್ಪನಿಗೆ ಕೊಟ್ಟು ಹೋದ.

ಸೇತುವೆಯನ್ನು ಮೂರನೆಯ ವಸಂತದ ಮಂಜುಗಡ್ಡೆ ಒಯ್ದಿತು.

ಈಗ ಅರವತ್ತಮೂರು. ಎಡಗಣ್ಣಿಗೆ ಪೊರೆ.
ತಂಗಿಯ ಮೊಮ್ಮಗ ಆರಿನ್
ಹಿಡಿದುಕೊಟ್ಟ ಸ್ಟೀರಿಯೋಸ್ಕೋಪಿನಲ್ಲಿ
ಸೇತುವೆಯಿದೆ, ಹೆಬ್ಬಾತಿದೆ, ರೊಟ್ಟಿಯ ಹಾಗೆ ಚಪ್ಪಟೆ.
ತಾನಿಲ್ಲ.
"ಓಡಿಹೋಗಿದ್ದೀನಿ," ಅಂದಳು.

ಆಮೇಲೆ ಏನೋ ಹೊಳೆದು, ಮುಖವನ್ನು
ಎಡಕ್ಕೆ ಸರಿಸಿದಳು, ಎರಡೂವರೆ ಅಂಗುಲ,
ಒಳ್ಳೆಯ ಕಣ್ಣು ಆ ಇನ್ನೊಂದು ಗಾಜಿಗೆ ಬರುವಂತೆ.

ಆರಿನ್ ಕೇಳುತ್ತಲೇ ಇದ್ದ, ಏನು ಕಂಡಿತೆಂದು.
ಅಜ್ಜಿಯ ತುಟಿ ಮಾತ್ರ ಅಲ್ಲಾಡುತ್ತಿತ್ತು.
ಹನ್ನೊಂದು. ಹನ್ನೆರಡು.