ಎಫ್ ಒನ್ ಒತ್ತಿ

ಗುಂಡಿ ಒತ್ತಿ ಹಾಲಿಗಿಟ್ಟು ಬರುತ್ತೇನೆ.
ಹಾಲು ಉಕ್ಕಿ, ಇಳಿಸಿ, ಕಾಫಿ ಕುಡಿದು
ಲೋಟ ತೊಳೆದಿಟ್ಟು ಬಂದರೂ
ಪರದೆಯ ಮೇಲೆ ಆ ಐದು ಚುಕ್ಕಿ
ಒಂದರ ಬಾಲ ಒಂದು ಹಿಡಿದು ಸುತ್ತುತ್ತಲೇ ಇವೆ.
ಗಾಣದ ಎತ್ತಾದರೂ ನಡುವೆ ನಿಂತು
ಗಂಜಳ ಹುಯ್ಯುತ್ತದೆ.

ಮತ್ತಿಕೆರೆಯ ಒಂದೂವರೆ ಕೋಣೆಯ ಮನೆ.
ಊದುಬತ್ತಿ ಪೊಟ್ಟಣಕ್ಕೆ ಲೇಬಲ್ ಮಾಡುವವಳು ನಾನು:
ಜೋಡಿ ನವಿಲು, ಕಮಲದ ಮೇಲೊಂದು ಆನೆ,
ಕೆಳಗೆ ತೂಕ, ಬೆಲೆ, ತಯಾರಿಸಿದ ದಿನಾಂಕ.
ಹೊಸ್ತಿಲಲ್ಲಿ ಓರಗಿತ್ತಿ ತಂಗಮಣಿ
ಮಣೆ ಹಾಕಿಕೊಂಡು ಕಡ್ಡಿ ಹೊಸೆಯುತ್ತಾಳೆ.
ನಮಗೆ ಗಡಿಯಾರ ಅವಳ ಕೈ.
ಎಂಬತ್ತು ಕಡ್ಡಿಗೆ ಪರದೆ ಬೆಳಗಿದರೆ ಒಳ್ಳೆಯ ದಿನ.
ನೂರು ದಾಟಿತೋ,
‘ಬಸುರಿ ಥರ ಏದುಸಿರು ಬಿಡ್ತಿದೆ ಕಣೇ’ ಅನ್ನುತ್ತಾಳೆ.

ಕೆಲವು ದಿನ ಚುಕ್ಕಿಗಳೂ ಇಲ್ಲ.
ಕರೀ ಹಲಗೆ, ಬಿಳೀ ಅಕ್ಷರ:
ಕೀಬೋರ್ಡ್ ಸಿಗುತ್ತಿಲ್ಲ.
ಮುಂದುವರಿಯಲು ಎಫ್ ಒನ್ ಒತ್ತಿ.
ಎಲ್ಲಿಂದ ಒತ್ತಲಪ್ಪಾ?
ಅಡ್ರೆಸ್ ಗೊತ್ತಿಲ್ಲದವರು
ಮನೆಗೆ ಬಂದು ವಿಚಾರಿಸಿ ಎಂದಂತಾಯಿತು.

ಆಮೇಲಾಮೇಲೆ ತಾರೀಖೂ ಮರೆಯಿತು.
ದಿನಾ ಬೆಳಿಗ್ಗೆ ಎದ್ದರೆ ಅದಕ್ಕೆ
ಎರಡು ಸಾವಿರದ ಹತ್ತು, ಜನವರಿ ಒಂದು.
ದಿನಾ ಹೊಸವರ್ಷ.
ಬ್ಯಾಂಕಿನ ಪುಟ ಮಾತ್ರ ಹಬ್ಬ ಒಪ್ಪಲಿಲ್ಲ,
ನಿಮ್ಮ ಗಡಿಯಾರ ಸರಿಯಿಲ್ಲ ಎಂದು
ಮುಖಕ್ಕೇ ಕದ ಹಾಕಿತು.

ಹೇಳುವವರಿಗೇನು ಬರ.
ಮಹಡಿ ಮೇಲಿನ ಹುಡುಗ: ‘ಫಾರ್ಮ್ಯಾಟ್ ಹೊಡೀರಿ ಆಂಟಿ.’
ಕರೆಂಟ್ ಆಫೀಸಿಂದ ರಿಟೈರಾದ ಚನ್ನಬೈರಯ್ಯ:
‘ವೋಲ್ಟೇಜು ಕಣಮ್ಮಾ, ಎಲ್ಲಾ ವೋಲ್ಟೇಜು.’
ತಂಗಮಣಿ ಯಾರನ್ನೂ ಕೇಳದೆ
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಕೆಮ್ಮಿದ್ದು ನಾವಿಬ್ಬರೇ.

ಶನಿವಾರ, ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ
ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು
ಎಸ್.ಪಿ. ರೋಡಿಗೆ ಹೋದೆ.
ಮುಸವ್ವಿರ್ ನಾಲ್ಕು ತಿರುಪು ಬಿಚ್ಚಿ ಮುಚ್ಚಳ ಎಳೆದ.
ಸಂಪಿಗೆ.
ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು.
ಫ್ಯಾನಿನ ರೆಕ್ಕೆಗೆ, ತಂತಿಯ ಸಂದಿಗೆ,
ಹದಿಮೂರು ವರ್ಷದ ಊದುಬತ್ತಿ ಪುಡಿ.
‘ಏನಕ್ಕಾ, ಕಂಪ್ಯೂಟರ್ ತಂದ್ರಾ, ದರ್ಗಾ ತಂದ್ರಾ?’

ಹೆಬ್ಬೆರಳಗಲದ ಹಸಿರು ಪಟ್ಟಿಯೊಂದನ್ನು ಕಿತ್ತು
‘ಇದೇ ನೋಡಿ ಮೆಮೊರಿ’ ಅಂದ.
ಜೇಬಿನಿಂದ ಮಗಳ ಶಾಲೆಯ ರಬ್ಬರು ತೆಗೆದ.
ಒಂದು ತುದಿ ಹಲ್ಲಲ್ಲಿ ಕಚ್ಚಿದ್ದು.
ಚಿನ್ನದ ಬಣ್ಣದ ಹಲ್ಲುಗಳನ್ನು
ಅದರಿಂದ ಮೆಲ್ಲಗೆ ಉಜ್ಜಿದ, ಊದಿದ, ಸಿಕ್ಕಿಸಿದ.
ನಾನು ಕಲಿತ ಶಾಲೆಯಲ್ಲಿ
ರಬ್ಬರು ಅಳಿಸುತ್ತಿತ್ತು.

ನಾಣ್ಯದಂಥ ಒಂದು ಸೆಲ್ಲು, ಮೂವತ್ತು ರೂಪಾಯಿ.
‘ಇವತ್ತು ತಾರೀಖೆಷ್ಟಕ್ಕಾ?’
ದಿನಾಂಕ ಅಚ್ಚು ಹಾಕುವುದೇ ಕಸುಬಾದವಳು
ಗೋಡೆಯ ಕ್ಯಾಲೆಂಡರ್ ಹುಡುಕಿದೆ.

ಆಮೇಲೆ, ಏಳುವಾಗ ಜೊತೆಗೇ ಏಳುವವರ ಪಟ್ಟಿ.
ಯಾರ್ಯಾರೋ, ನಾನು ಕರೆಯದವರು.
ನಡುವೆ ಆ ಪ್ರಿಂಟರ್.
ಅದನ್ನು ಮಾರಿ ಆರು ವರ್ಷ.
ಇದು ಮಾತ್ರ ದಿನಾ ಬೆಳಿಗ್ಗೆ
ಅದನ್ನು ಕೂಗಿ, ಓಗೊಡುತ್ತದೇನೋ ಎಂದು ಕಾದು,
ಮತ್ತೆ ಕೂಗಿ,
ಆಮೇಲೇ ಕಣ್ಣು ಬಿಡುತ್ತಿತ್ತಂತೆ.
‘ತೆಗೆದುಬಿಡ್ಲಾ?’
ತೆಗಿ ಎನ್ನಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು.

ಈಗ ಆರು ಕಡ್ಡಿಗೆ ಬೆಳಕಾಗುತ್ತದೆ.
ಹಾಲು ಇನ್ನೂ ತಣ್ಣಗಿರುವಾಗಲೇ
ನವಿಲು ರೆಕ್ಕೆ ಬಿಚ್ಚಿ ನಿಂತಿರುತ್ತದೆ.
ಮೊದಲ ದಿನ ಕುಣಿದಾಡಿದೆ.
ನಾಲ್ಕನೆಯ ದಿನ ಹೊಸ್ತಿಲಿನಿಂದ ತಂಗಮಣಿ
ಕೈ ನಿಲ್ಲಿಸದೆ,
‘ಆಯ್ತೇನೇ, ಇಷ್ಟು ಬೇಗ?’ ಅಂದಳು.

ಪರದೆಗೆ ಬೆನ್ನು ಹಾಕಿ
ಅವಳ ಪಕ್ಕ ಕೂತು ಕಡ್ಡಿ ಕಟ್ಟು ಬಿಚ್ಚಿದೆ.
‘ಇಲ್ಲ ಕಣೇ,
ಇನ್ನೂ ಚುಕ್ಕಿ ಸುತ್ತುತ್ತಾ ಇದೆ.’