ಒಂಬೈನೂರು ಗಂಟೆ

ಹದಿನಾರು ವರ್ಷ ಹಳದಿ ಬಸ್ಸು ಓಡಿಸಿದವಳು ನಾನು,
ಮನಾಂಗಹೇಲಾ ನದಿಯಾಚೆಯ ಗುಡ್ಡಗಳಲ್ಲಿ.
ಎಡಗನ್ನಡಿಯಲ್ಲಿ ರಸ್ತೆ, ಬಲಗನ್ನಡಿಯಲ್ಲಿ ರಸ್ತೆ,
ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ
ನಲವತ್ತೆಂಟು ಮಕ್ಕಳು.
ಯಾರು ಹಸಿದು ಬಂದಿದ್ದಾರೆ, ಯಾರದು ನಿನ್ನೆಯದೇ ಅಂಗಿ,
ಯಾರ ಮನೆಯಲ್ಲಿ ರಾತ್ರಿಯೆಲ್ಲ ಯಾರೂ ಮಲಗಿಲ್ಲ,
ಬ್ರೇಕು ಒತ್ತುವಷ್ಟರಲ್ಲಿ ಗೊತ್ತಾಗುತ್ತಿತ್ತು.
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ, ನಲವತ್ತೇಳಕ್ಕೆ, ಬುಧವಾರ ಶುಕ್ರವಾರದ ಸಂಜೆ
ಮೂರನೆಯ ಮಹಡಿಯ ತರಗತಿಯಲ್ಲಿ
ಪ್ರೊಫೆಸರು ಅದಕ್ಕೊಂದು ಹೆಸರು ಹೇಳುತ್ತಾರೆ:
ವ್ಯಕ್ತಿಯನ್ನು ಅವನ ಪರಿಸರದೊಳಗಿಟ್ಟು ನೋಡುವುದು.
ಪಕ್ಕದ ಹುಡುಗ ಟೈಪಿಸಿಕೊಳ್ಳುತ್ತಾನೆ.
ನಾನು ಪುಸ್ತಕದ ಅಂಚಿಗೆ ಬರೆದುಕೊಂಡೆ: ಕನ್ನಡಿ.

ಸಾಲ, ಐವತ್ತೊಂದು ಸಾವಿರ ಡಾಲರು.
ಸಂಬಳವಿಲ್ಲದ ಕ್ಷೇತ್ರಕಾರ್ಯ, ಒಂಬೈನೂರು ಗಂಟೆ.
ಲೈಸೆನ್ಸಿಗೆ ಬೇರೆ ಪರೀಕ್ಷೆ.
ದೊಡ್ಡ ಗಾಡಿಯ ಲೈಸೆನ್ಸು ಪರ್ಸಿನಲ್ಲಿ ಇನ್ನೂ ಇದೆ, ಎಸೆದಿಲ್ಲ.
ಮಗಳು ಡೆಲ್ಫಿನ್ ಊಟದ ನಡುವೆ ಲೆಕ್ಕ ಹಾಕಿ
'ಅಮ್ಮಾ, ಬಸ್ಸಲ್ಲೇ ಹೆಚ್ಚು ಸಿಗುತ್ತಿತ್ತಲ್ಲ' ಎಂದಳು.
ಲೆಕ್ಕ ಸರಿಯಾಗಿಯೇ ಇತ್ತು.
ಇನ್ನೊಂದು ಸೌಟು ಬೀನ್ಸ್ ಬಡಿಸಿದೆ.

ಅಕ್ಟೋಬರಿನಲ್ಲಿ ಉದ್ಯೋಗ ಮೇಳ. ಬಾಸ್ಕೆಟ್‌ಬಾಲ್ ಅಂಗಳದ ತುಂಬ ಮೇಜು.
ಒಂದರ ಮೇಲೆ ಜೈಲು, ಒಂದರ ಮೇಲೆ ಶಾಲೆ,
ಸಾಯುವವರ ಆರೈಕೆಯ ಮೇಜಿನಲ್ಲಿ ಪೆಪ್ಪರಮೆಂಟು,
ಹ್ಯಾರಿಸ್‌ಬರ್ಗಿನ ನೀತಿ ಕಚೇರಿಯವರಲ್ಲಿ ಒಳ್ಳೆಯ ಪೆನ್ನು.
ಎರಡು ತೆಗೆದುಕೊಂಡೆ.
'ಯಾವ ದಾರಿ ಹಿಡಿಯಬೇಕೆಂದಿದ್ದೀರಿ?' ಎಂದರು ಎಲ್ಲರೂ.
ದಾರಿಯೆಂದರೆ ನನಗೆ
ಎಲ್ಲಿ ಹೊಂಡ, ಎಲ್ಲಿ ಮೊದಲು ಹಿಮ ಗಟ್ಟುತ್ತದೆ,
ಯಾವ ತಿರುವಿನಲ್ಲಿ ಮಗುವೊಂದು ಓಡಿ ಬಂದೀತು.
ಅವರ ಕೈಪಿಡಿಯಲ್ಲಿ ದಾರಿಯೆಂದರೆ ಬಾಣದ ಗುರುತು,
ಬಾಣದ ತುದಿಯಲ್ಲಿ ಸಂಬಳ.

ಜನವರಿ. ಆಸ್ಪತ್ರೆಯ ಆರನೆಯ ಅಂತಸ್ತು.
ಕೊರಳಲ್ಲಿ ಚೀಟಿ: ವರ್ನೀಟಾ ಪ್ರೂಯಿಟ್, ವಿದ್ಯಾರ್ಥಿನಿ.
ಹನ್ನೆರಡನೆಯ ಹಾಸಿಗೆಯಲ್ಲಿ ವೆಂಡೆಲ್ ಹ್ರೂಸ್ಕಾ,
ಎಪ್ಪತ್ತೊಂಬತ್ತು, ಒಂದು ಕಾಲದಲ್ಲಿ ಉಕ್ಕಿನ ಕುಲುಮೆಯಲ್ಲಿದ್ದವರು,
ಸೊಂಟಕ್ಕೆ ಹೊಸ ಕೀಲು, ನಾಲ್ಕನೆಯ ದಿನ,
ಸಂಜೆ ನಾಲ್ಕಕ್ಕೆ ಬಿಡುಗಡೆ.
ನಮೂನೆಯ ತುಂಬ ಚೌಕಗಳು.
ಔಷಧಿ, ಸರಿ. ವಾಕರ್, ಸರಿ. ಸಾರಿಗೆ?
'ಟ್ಯಾಕ್ಸಿ ಚೀಟಿ ಕೊಟ್ಟಿದೆಯಲ್ಲ, ಗುರುತು ಹಾಕು'
ಎಂದರು ಮೇಲ್ವಿಚಾರಕಿ ಕಾಜ್ಮೀರ್ಸ್ಕಿ.
ಕೆಟ್ಟವರಲ್ಲ ಆಕೆ. ಕೆಳಗೆ ತುರ್ತು ವಿಭಾಗದ ಮೊಗಸಾಲೆಯಲ್ಲಿ
ಹನ್ನೊಂದು ಜನ ಹಾಸಿಗೆಗೆ ಕಾಯುತ್ತಿದ್ದರು.

ವಿಳಾಸ ನೋಡಿದೆ.
ಹೆಸರಿಗೆ ಬೀದಿ, ನಿಜಕ್ಕೆ ಮೆಟ್ಟಿಲ ಸಾಲು.
ನೂರ ಹನ್ನೆರಡು. ಒಂದೇ ಕಡೆ ಕಂಬಿ.
ಅದರ ಬುಡದಲ್ಲಿ ಎರಡು ವರ್ಷ
ಅವರ ಮೊಮ್ಮಗಳಿಗಾಗಿ ಹಾರ್ನು ಒತ್ತಿ ಕಾದಿದ್ದೇನೆ,
ಕಾಯುತ್ತ ಎಣಿಸಿದ್ದೇನೆ.
ಟ್ಯಾಕ್ಸಿ ಬುಡದಲ್ಲೇ ನಿಲ್ಲುತ್ತದೆ.
ಮೆಟ್ಟಿಲಿಗೆ ಚೌಕವಿಲ್ಲ.

ಎತ್ತಿದ ಪೆನ್ನು ಕೆಳಗಿಟ್ಟೆ.
ಫೋನಿನ ಮೇಲೆ ಫೋನು. ಒಂದು ರಾತ್ರಿ ಹೆಚ್ಚು ಸಿಕ್ಕಿತು.
ಮನೆಗೆ ಹೋಗುವಾಗ ಎದೆ ಉಬ್ಬಿತ್ತು, ಒಪ್ಪಿಕೊಳ್ಳುತ್ತೇನೆ.

ಬೆಳಿಗ್ಗೆ ಹ್ರೂಸ್ಕಾ ಕೋಟು ತೊಟ್ಟೇ ಕೂತಿದ್ದರು, ನಿನ್ನೆ ಸಂಜೆ ತೊಟ್ಟದ್ದು.
'ಈ ವಯಸ್ಸಲ್ಲಿ ಮೆಟ್ಟಿಲು ಯಾರು ಹತ್ತುತ್ತಾರೆ ತಾಯಿ?
ಹಿಂದುಗಡೆ ಓಣಿಯಿದೆ. ಪಕ್ಕದ ಮನೆ ಸ್ಟಾನೆಕ್ ಟ್ರಕ್ಕು ತಂದು
ಅಡುಗೆಮನೆ ಬಾಗಿಲಿಗೇ ಆನಿಸುತ್ತಾನೆ.
ನಿನ್ನೆ ನಾಲ್ಕಕ್ಕೆ ಬಂದು, ಕೆಳಗೆ ಕಾದು, ಹೊರಟುಹೋದ.
ಕೇಳಿದ್ದರೆ ಹೇಳುತ್ತಿದ್ದೆ.'

ಆ ಸಂಜೆ ವರದಿ ಬರೆಯಬೇಕಿತ್ತು.
ಎಡಗಡೆ ಅವರಂದದ್ದು, ನಡುವೆ ನಾನು ಕೇಳಿದ್ದು,
ಬಲಗಡೆ ನನಗನ್ನಿಸಿದ್ದು.
ಬಲಗಡೆಯದು ತುಂಬಿ ಹಾಳೆಯ ಬೆನ್ನಿಗೆ ಹರಿಯಿತು.
ನಡುವೆ ಖಾಲಿ.

ಬಸ್ಸಿನ ಕೆಲಸದಲ್ಲಿ ಒಂದು ನಿಯಮವಿತ್ತು.
ಕೊನೆಯ ನಿಲ್ದಾಣದಲ್ಲಿ, ಕನ್ನಡಿಗೆ ಬಸ್ಸು ಖಾಲಿ ಕಂಡರೂ,
ಎಂಜಿನು ಆರಿಸಿ, ಎದ್ದು,
ಹಿಂದಿನ ಸೀಟಿನವರೆಗೂ ನಡೆದು ಹೋಗಬೇಕು.
ಒಂದೊಂದು ಸೀಟಿಗೂ ಬಗ್ಗಿ ನೋಡಬೇಕು.
ಹದಿನಾರು ವರ್ಷದಲ್ಲಿ ಎರಡು ಸಲ
ಅಲ್ಲಿ ಯಾರೋ ಮಲಗಿದ್ದರು.