ಮಂಗಳವಾರ ದೋಣಿ ಇಳಿಯುವುದಿಲ್ಲ

ಅಪಾಮ್‌ನ ಕಡಲಿಗೆ ಮಂಗಳವಾರ ರಜೆ.
ಗಂಡಸರು ಮರಳಲ್ಲಿ ಕೂತು ಬಲೆ ಹೊಲಿಯುತ್ತಾರೆ,
ನಾನು ಸಭೆಯ ಲೆಕ್ಕದ ಪುಸ್ತಕ ಬಿಚ್ಚುತ್ತೇನೆ.
ಇಪ್ಪತ್ತಾರು ವರ್ಷ, ಒಂದೇ ಕೈಬರಹ,
ಒಂದು ಪೆಸೆವಾ ಕೂಡ ತಪ್ಪಿಲ್ಲ ಎಂದು
ನಾನೇ ಹೇಳಿಕೊಂಡು ತಿರುಗಿದ್ದೆ.

ಜಗಳ ಶುರುವಾದದ್ದು ಹಂಡೆಯಿಂದ.
ಸ್ತ್ರೀಸಂಘದ ದೊಡ್ಡ ಅಲ್ಯೂಮಿನಿಯಂ ಹಂಡೆ,
ಸಾವಿನ ಮನೆಗಳಿಗೆ ಬಾಡಿಗೆಗೆ ಹೋಗುವುದು.
ಆಮೆನ್ ಇನ್ನೂ ತುಟಿಯಲ್ಲಿ ಆರಿರಲಿಲ್ಲ,
ಅರಾಬಾ ಎದ್ದು ನಿಂತಳು, ನಲವತ್ತು ಹೆಂಗಸರ ಮುಂದೆ:
"ಮೂರು ಸಾವಿನ ಬಾಡಿಗೆ ಎಲ್ಲಿ ಹೋಯಿತು?
ಹಂಡೆ ಕಾಯುವವಳನ್ನೇ ಕೇಳಿ."

ಹಂಡೆ ಕಾಯುವವಳು ಎಕುವಾ.
ಒಂದು ಮಾತಾಡಲಿಲ್ಲ. ಸೊಂಟದ ಬಟ್ಟೆ ಬಿಗಿದು
ಬೆಂಚುಗಳ ನಡುವೆ ನಡೆದು ಹೋದಳು.
ಚಪ್ಪಲಿ ಸದ್ದು ಬಾಗಿಲವರೆಗೂ ಕೇಳಿತು.

ಆಮೇಲಿನ ಭಾನುವಾರಗಳಲ್ಲಿ ಕೊನೆಯ ಬೆಂಚು ಅವಳದು.
ರೊಟ್ಟಿ ಮುರಿಯುವ ಮುಂಚೆ ಎದ್ದು ಹೋಗುವಳು.
ನಲ್ಲಿಯ ಬಳಿ, ಕೆಂಕಿ ಉಂಡೆ ಮಾರುವಲ್ಲಿ,
ಬಕೆಟ್ಟು ತುಂಬುವಷ್ಟರಲ್ಲಿ
ಮೂರು ಸಾವು ಮೂವತ್ತಾಯಿತು.
ಬುಧವಾರದ ಪ್ರಾರ್ಥನೆಯಲ್ಲಿ ಒಬ್ಬಳು ಕಣ್ಣು ಮುಚ್ಚಿ
"ಸೋದರಿ ಎಕುವಾಳ ಕೈಗಳನ್ನು ಶುದ್ಧಮಾಡು ಸ್ವಾಮೀ" ಎಂದಳು.
ಚಾಡಿಗೆ ಆಮೆನ್ ಅಂಟಿಸಿದರೆ ಪ್ರಾರ್ಥನೆಯೇ?
ನಾನೂ ಅಂದಿದ್ದೆ ಆಮೆನ್, ಸುಳ್ಳು ಯಾಕೆ.

ಹೊಸ ಪಾದ್ರಿ, ಹುಡುಗ, ಪ್ರಸಂಗ ಬರೆದು ತಂದ.
ಹೆಸರಿಲ್ಲ, ಆದರೆ ಊರಿಗೆಲ್ಲ ಗೊತ್ತಾಗುವಂಥದ್ದು.
"ಬೇಡ ಮಗ," ಅಂದೆ,
"ಅಷ್ಟು ಎತ್ತರದಿಂದ ಬಿದ್ದ ಮಾತು
ಯಾರ ಮೇಲೂ ಮೆತ್ತಗೆ ಬೀಳೋದಿಲ್ಲ."

ಒಂದು ಸಂಜೆ ಅರಾಬಾ ಬಂದಳು, ನಿದ್ದೆಗೆಟ್ಟ ಮುಖ.
"ನೀನು ಹಿರಿಯಳು ಅಜ್ಜೀ, ಅವಳಿಗೊಂದು ಮಾತು ಹೇಳು."
"ನನ್ನ ಮಂಡಿ ನೋಡು. ನಿನಗೆ ಎರಡು ಗಟ್ಟಿ ಕಾಲಿವೆ.
ಒಬ್ಬಳೇ ಹೋಗು. ಸಾಕ್ಷಿ ಬೇಡ, ಗೆಳತಿ ಬೇಡ,
ಎಲ್ಲರೂ ಹೀಗಂತಾರೆ ಅನ್ನುವೆಯಲ್ಲ,
ಆ ಎಲ್ಲರನ್ನೂ ಮನೆಯಲ್ಲೇ ಬಿಟ್ಟು ಹೋಗು.
ಹೇಳೋಕೆ ಮುಂಚೆ ಕೇಳು.
ಅವಳು ಮೀನಿನ ಜಾಲರಿ ಎತ್ತುತ್ತಿದ್ದರೆ
ನೀನೊಂದು ಬದಿ ಹಿಡಿ."

ಮಂಗಳವಾರ ಹೋದಳು.
ಎಕುವಾಳ ಹೊಗೆಗೂಡಿನ ಹತ್ತಿರ ಏನೇನಾಯಿತೋ ತಿಳಿಯದು.
ಹೊಗೆಯಲ್ಲೊಂದು ಅನುಕೂಲ:
ಯಾರ ಕಣ್ಣಲ್ಲಿ ಯಾಕೆ ನೀರು ಎಂದು
ಯಾರೂ ಕೇಳುವಂತಿಲ್ಲ.
ಮಧ್ಯಾಹ್ನ ಇಬ್ಬರೂ ನನ್ನ ಮನೆಯ ಮುಂದೆ,
ಮಸಿ ಕೈ, ಮುಖಕ್ಕೆ ಮುಖ ಕೊಡದೆ,
ಆದರೂ ಒಂದೇ ಬಾಗಿಲಲ್ಲಿ.
"ಪುಸ್ತಕ ತೆಗಿ ಅಜ್ಜೀ. ನಮ್ಮಿಬ್ಬರಿಗೆ ಬಗೆಹರಿಯಲಿಲ್ಲ."

ತೆಗೆದೆ. ಆ ತಿಂಗಳು ಖಾಲಿ.
ಎಕುವಾ ನೆಲ ನೋಡುತ್ತ ಅಂದಳು:
"ಮಳೆ ಬಂದ ಶನಿವಾರ. ನೀನು ಮರಗೆಣಸು ಸುಲಿಯುತ್ತಿದ್ದೆ.
ಡಬ್ಬಿಯಲ್ಲಿಡು, ಆಮೇಲೆ ಬರೀತೀನಿ ಅಂದೆ."
ಎದ್ದು ಹಳೇ ಬಿಸ್ಕತ್ತಿನ ಡಬ್ಬಿ ಇಳಿಸಿದೆ.
ದಾರದುಂಡೆಗಳ ಕೆಳಗೆ, ಮಡಿಚಿದ ಹಾಗೇ,
ಮೂರು ಸಾವಿನ ಬಾಡಿಗೆ.

ಅರಾಬಾಳ ದನಿ ಒಡೆಯಿತು:
"ಇಷ್ಟು ವಾರ ಯಾಕೆ ಸುಮ್ಮನಿದ್ದೆಯೇ?"
"ನಿನ್ನ ಹಾಗೆ ನಲವತ್ತು ಜನರ ಮುಂದೆ
ಈ ಮುದುಕಿಯ ಹೆಸರು ಹೇಳಬೇಕಿತ್ತೇ?"

ಮಂಡಿ ನೋವೆಂದು ಕೂತೆನೋ
ಇಪ್ಪತ್ತಾರು ವರ್ಷ ಕುಸಿಯಿತೋ.
"ನನ್ನನ್ನಾದರೂ ಬಂದು ಕೇಳಬಾರದಿತ್ತೇ" ಅಂದೆ.
"ಕೇಳಬೇಕಿತ್ತು. ಸಿಟ್ಟಿತ್ತು," ಅಂದಳು ಎಕುವಾ.

ಮಾತು ಬಿದ್ದ ಜಾಗದಲ್ಲೇ ಹೆಕ್ಕಬೇಕು.
ಭಾನುವಾರ, ಅದೇ ನಲವತ್ತು ಹೆಂಗಸರು.
ಅರಾಬಾ ನಿಂತಳು, ಹೇಳಿದಳು, ಅತ್ತಳು.
ಕೋಲೂರಿ ನಾನು ನಿಂತೆ:
"ಮರೆತವಳು ನಾನು."
ವಯಸ್ಸಾಯಿತು ನೋಡಿ ಎನ್ನುವುದು ನಾಲಗೆಗೆ ಬಂದಿತ್ತು,
ನುಂಗಿದೆ.

ಈಗ ಪುಸ್ತಕದಲ್ಲಿ ಎರಡು ಕೈಬರಹ.
ಅರಾಬಾಳ ಏಳು ಒಂದರ ಹಾಗಿರುತ್ತದೆ,
ಹೇಳಿದರೆ ಮುನಿಸು, ಆದರೂ ಹೇಳುತ್ತೇನೆ, ಅವಳಿಗೇ.
ಎಕುವಾ ರೊಟ್ಟಿ ತೆಗೆದುಕೊಂಡಳು.
ಕೊನೆಯ ಬೆಂಚಿನಿಂದ ಮೂರನೆಯದಕ್ಕೆ ಬಂದಿದ್ದಾಳೆ,
ನಮ್ಮದು ಮೊದಲನೆಯದು.
ಅವಸರವಿಲ್ಲ.
ಅರಾಬಾ, ನಾನು, ನಡುವೆ
ಒಬ್ಬರ ಜಾಗ ಬಿಟ್ಟು ಕೂರುತ್ತೇವೆ.